ಪ್ರಯಾಣ ಎಲ್ಲ ದುಡಿಮೆಗೆ, ದವಾಖಾನೆಗೆ: ಮನಸ್ಸಿನ ಸಲುವಾಗಿ ಬಸ್ ಹತ್ತೋದು ಯಾವಾಗ?

ಯಾದಗಿರಿ: ಜಿಲ್ಲೆಯ ಜನ ಊರು ಬಿಟ್ಟು ಹೋಗೋದಿಲ್ಲ ಅಂತೇನಿಲ್ಲ. ಕೆಲಸ ಇಲ್ಲದಾಗ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗ್ತಾರೆ. ಕಾಯಿಲೆ ಜಾಸ್ತಿಯಾದ್ರೆ ಕಲಬುರಗಿ, ರಾಯಚೂರು ಬಸ್ ಹತ್ತುತ್ತಾರೆ. ಆದರೆ ಈ ಪ್ರಯಾಣದಲ್ಲಿ ಮನಸ್ಸು ಹಗುರ ಆಗೋದಿಲ್ಲ, ಇನ್ನಷ್ಟು ದಣಿಯುತ್ತದೆ.

ಊರಲ್ಲೇ ಇರುವ ಅಂಗಡಿಯವರ ಕಥೆ ಬೇರೆ. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿವರೆಗೂ ಗಲ್ಲಾ ಪೆಟ್ಟಿಗೆ ಮುಂದೆಯೇ. ಎದುರಿಗೆ ಧೂಳು, ಹಾರನ್ನು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಸಣ್ಣದಕ್ಕೂ ಸಿಟ್ಟು ಬಂದ್ರೆ, ರಾತ್ರಿ ನಿದ್ದೆ ಹತ್ತದಿದ್ರೆ ‘ವಯಸ್ಸಾಯ್ತು’ ಅಂತ ಸುಮ್ಮನಾಗ್ತಾರೆ. ಅದರಲ್ಲಿ ಸುತ್ತಲಿನ ವಾತಾವರಣದ ಪಾಲೂ ಇರಬಹುದು ಅಂತ ಯಾರೂ ಯೋಚಿಸೋದಿಲ್ಲ.

ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರ ಮಾಹಿತಿ ನೋಡಿ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಾರಕ್ಕೆ ಕನಿಷ್ಠ 120 ನಿಮಿಷ ಗಿಡಮರ, ನೀರು, ಬಯಲಿನ ನಡುವೆ ಕಳೆಯೋರಲ್ಲಿ ನೆಮ್ಮದಿ ಇದೆ ಅಂದವರು ಹೆಚ್ಚು. ಒಂದೇ ದಿನ ಎರಡು ತಾಸು ಹೋದ್ರೂ ಸರಿ, ನಾಲ್ಕು ದಿನ ಅರ್ಧರ್ಧ ತಾಸು ಹೋದ್ರೂ ಸರಿ. ಹೊರಗೆ ಹೋದದ್ದರಿಂದಲೇ ನೆಮ್ಮದಿ ಬಂತು ಅಂತ ಈ ಅಧ್ಯಯನ ಸಾಬೀತು ಮಾಡಿಲ್ಲ. ಆದರೂ ಲೆಕ್ಕ ಗಮನಿಸುವಂಥದ್ದು: ಎರಡು ತಾಸಿಗೆ ಊಟಿಗೆ ಹೋಗಬೇಕಿಲ್ಲ.

ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟವಿದೆ. ಸುರಪುರದಿಂದ ಸುಮಾರು 10 ಕಿ.ಮೀ. ದೂರದಲ್ಲಿ ಬೋನಾಳ ಕೆರೆ, ಪಕ್ಷಿಧಾಮ ಇದೆ. ಯಾದಗಿರಿಗೆ ಕೋಟೆ ಬೆಟ್ಟ ಊರ ನೆತ್ತಿಯ ಮೇಲೇ ಇದೆ. ಹಿರಿಯರು ಮೈಲಾಪುರ, ತಿಂಥಣಿ ಜಾತ್ರೆಗೆ ಮನೆಮಂದಿಯೆಲ್ಲ ಹೋಗ್ತಿದ್ದದ್ದು ಬರೀ ಹರಕೆಗಲ್ಲ. ವರ್ಷದ ದಣಿವು ಇಳಿಸೋಕೂ ಅದೇ ದಾರಿಯಾಗಿತ್ತು.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಮಕ್ಕಳಿಗೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಖರ್ಚಿಲ್ಲ. ತವರಿಗೆ, ಗುಡಿಗೆ ಹೋಗಲು ಯಾರ ಮುಂದೂ ಕೈ ಚಾಚಬೇಕಿಲ್ಲ ಅನ್ನೋದೇ ಅರ್ಧ ನೆಮ್ಮದಿ. ಆದರೆ ಟಿಕೆಟ್ ಒಂದೇ ಸಾಲದು. ಇಳಿದ ಕಡೆ ನೆರಳು, ಕುಡಿಯೋ ನೀರು, ಶೌಚಾಲಯ ಬೇಕು. ಸಂಜೆ ವಾಪಸ್ ಬರಲು ಬಸ್ ಬೇಕು. ಇವು ಇಲ್ಲದ ಜಾಗಕ್ಕೆ ಬೈಕ್ ಇರುವ ಹುಡುಗರು ಹೋಗ್ತಾರೆ, ಮನೆಯ ಹೆಣ್ಮಕ್ಕಳು, ವಯಸ್ಸಾದವರು ಹೋಗೋದಿಲ್ಲ. ದೊಡ್ಡ ಪ್ರವಾಸೋದ್ಯಮ ಯೋಜನೆಗಿಂತ ಮೊದಲು ನಗರಸಭೆ, ಗ್ರಾಮ ಪಂಚಾಯಿತಿ, ಸಾರಿಗೆ ನಿಗಮದ ಮುಂದೆ ಇಡಬೇಕಾದ ಬೇಡಿಕೆ ಇದು. ಜನ ಬಂದರೆ ಅಲ್ಲಿ ಚಹಾ, ಮಿರ್ಚಿ ಭಜಿ ಮಾರೋರಿಗೂ ನಾಲ್ಕು ಕಾಸು.

ಒಂದು ಮಾತು ನೆನಪಿರಲಿ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಬದುಕೇ ಬೇಡ ಅನಿಸುತ್ತದೆ ಅಂದ್ರೆ ಅದಕ್ಕೆ ಸುತ್ತಾಟ ಔಷಧಿ ಅಲ್ಲ. ‘ನಾಲ್ಕು ದಿನ ಎಲ್ಲಾದ್ರೂ ಹೋಗಿ ಬಾ’ ಅಂದು ಕೈ ತೊಳೆದುಕೊಳ್ಳಬಾರದು. ವೈದ್ಯರನ್ನು ಕಾಣಬೇಕು. ಬದುಕು ಬೇಡ ಅನ್ನೋ ಮಾತು ಬಂದ್ರೆ ಎರಡು ವಾರ ಕಾಯೋದೂ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಉಳಿದವರು ಈ ವಾರ ಅಂಗಡಿ ಒಂದು ತಾಸು ತಡವಾಗಿ ತೆಗೆದರೆ ಗಿರಾಕಿ ಎಲ್ಲೂ ಓಡಿ ಹೋಗೋದಿಲ್ಲ. ಮುಂಜಾನೆ ಬಿಸಿಲೇರುವ ಮೊದಲು ಬೆಟ್ಟದ ಕಡೆ ಹೋಗಿ ಬರಬಹುದು.