ಎಂಟನೇ ತರಗತಿಯಲ್ಲೇ ತೆರೆಯುವ ಬಾಗಿಲು

ಬಡ ಮಕ್ಕಳ ವಿದ್ಯಾರ್ಥಿವೇತನ ಎಂದೊಡನೆ ನಾವು ಪಿಯುಸಿ ನಂತರದ ಓದಿನ ಬಗ್ಗೆಯೇ ಯೋಚಿಸುತ್ತೇವೆ. ಆದರೆ ಎಷ್ಟೋ ಮಕ್ಕಳು ಎಂಟನೇ ತರಗತಿ ದಾಟುವಾಗಲೇ ಶಾಲೆ ಬಿಡುತ್ತಾರೆ. ಇದನ್ನು ತಡೆಯಲೆಂದೇ ಕೇಂದ್ರ ಸರಕಾರ 2008ರಲ್ಲಿ ಎನ್‌ಎಂಎಂಎಸ್ ಯೋಜನೆ ಆರಂಭಿಸಿತು. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂ. ಸಿಗುತ್ತದೆ. ಹೆತ್ತವರ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರಬಾರದು.

ಇದು ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ. ಸಾಲ ಮಾಡಿ ಖಾಸಗಿ ಆಂಗ್ಲ ಮಾಧ್ಯಮಕ್ಕೆ ಸೇರಿಸಿದವರಿಗೆ ಈ ಅವಕಾಶವಿಲ್ಲ. ನಮ್ಮ ಚರ್ಚುಗಳ ಅನುದಾನಿತ ಕನ್ನಡ ಶಾಲೆಗಳ ಮಕ್ಕಳಿಗಿದೆ. ಈ ಮಾತನ್ನು ನಾವು ಯಾಕೋ ಗಟ್ಟಿಯಾಗಿ ಹೇಳುವುದಿಲ್ಲ.

ಪರೀಕ್ಷೆಯಲ್ಲಿ ಆಯ್ಕೆಯಾದರೆ ಸಾಲದು. ಪ್ರತಿವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ನವೀಕರಿಸಬೇಕು, ಶಾಲೆಯವರು ಅದನ್ನು ದೃಢೀಕರಿಸಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಬೀಡಿ ಕಟ್ಟುವ, ಕೂಲಿಗೆ ಹೋಗುವ ತಾಯಿಗೆ ಇದೆಲ್ಲ ಒಬ್ಬಳಿಂದ ಆಗುವ ಕೆಲಸವಲ್ಲ. ಕೊನೆಯ ದಿನಾಂಕ ತಪ್ಪಿದರೆ ಜಾಣ ಮಗುವಿನ ಆ ವರ್ಷದ ಹಣವೂ ತಪ್ಪುತ್ತದೆ.

ವಾಳೆಯ ಗುರಿಕಾರರು ಮತ್ತು ಕಂಪ್ಯೂಟರ್ ಬಲ್ಲ ಯುವಜನರು ಈ ಹೊಣೆ ಹೊರಬಹುದು. ಏಳನೇ ತರಗತಿಯಲ್ಲಿ ಶೇ. 55 ಅಂಕ ಪಡೆದವರು ಪರೀಕ್ಷೆಗೆ ಅರ್ಹರು; ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50 ಸಾಕು. ಅಂಥವರ ಪಟ್ಟಿಯನ್ನು ಶಾಲೆ ತೆರೆದ ಕೂಡಲೇ ಮುಖ್ಯೋಪಾಧ್ಯಾಯರಿಂದ ಕೇಳಿ ಪಡೆಯಿರಿ.