ಟೆನ್ಷನ್ ಅಲ್ಲ, ಸಂಬಳವಿಲ್ಲದ ಕೆಲಸ

ಮೇ ತಿಂಗಳ ಕೊನೆಗೆ ಅಹಮದಾಬಾದಿನಲ್ಲಿ ಮಳೆ ಬರಲು ಇನ್ನೂ ಮೂರು ವಾರ ಇರುವಾಗಲೇ ಉಪದೇಶದ ಮಳೆ ಶುರುವಾಗುತ್ತದೆ. ಶಾಲೆ ತೆರೆಯುವ ಮುಂಚೆ ತಾಯಂದಿರು ಹೇಗೆ ಉಸಿರಾಡಬೇಕು, ದಿನಕ್ಕೆ ಹತ್ತು ನಿಮಿಷ ತಮಗಾಗಿ ಹೇಗೆ ಎತ್ತಿಡಬೇಕು, ಡೈರಿ ಬರೆದರೆ ಮನಸ್ಸು ಹೇಗೆ ಹಗುರಾಗುತ್ತದೆ. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವ ಮಕ್ಕಳ ಅಮ್ಮಂದಿರಿಗಂತೂ ಉಪದೇಶ ಡಬಲ್. ಬೋಡಕ್‌ದೇವ್‌ನಲ್ಲಿ ಇದಕ್ಕೇ ಅಂತ ವರ್ಕ್‌ಶಾಪ್‌ಗಳೂ ಆಗುತ್ತವೆ, ಎಸಿ ಹಾಲ್, ಹೈ ಟೀ ಸಮೇತ.

ನನ್ನ ತಕರಾರು ಒಂದೇ. ತೊಂದರೆ ನಮ್ಮ ತಲೆಯೊಳಗಿದೆ ಅಂತ ಇವರಿಗೆ ಹೇಳಿದವರು ಯಾರು? ನನ್ನ ತಲೆ ಸರಿಯಾಗೇ ಇದೆ. ಜೂನ್‌ನಲ್ಲಿ ನನಗೆ ಬರುವುದು ಟೆನ್ಷನ್ ಅಲ್ಲ, ಕೆಲಸ. ಶಾಲೆ ಮಾಡಬೇಕಾದ, ಸರ್ಕಾರ ಮಾಡಿಸಬೇಕಾದ ಕೆಲಸವನ್ನು ಸಂಬಳ ಕೊಡದೆ ನನ್ನ ಮೇಲೆ ಹೊರಿಸಿ, ಆಮೇಲೆ ನಾನು ಏದುಸಿರು ಬಿಟ್ಟರೆ ಉಸಿರಾಟದ ಪಾಠ ಹೇಳಿಕೊಡುತ್ತಾರೆ.

ಆ ಕೆಲಸ ಯಾವುದು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇಲ್ಲಿನ ಸಿಬಿಎಸ್‌ಇ ಶಾಲೆಗಳಲ್ಲಿ ಹೊಸ ತರಗತಿ ಏಪ್ರಿಲ್‌ನಲ್ಲೇ ಶುರು. ಒಂದು ತಿಂಗಳು ನಡೆಸಿ, ಮೇನಲ್ಲಿ ಬಿಸಿಲಿಗೆ ರಜೆ ಕೊಟ್ಟು, ಜೂನ್ ಮಧ್ಯದಲ್ಲಿ ಮತ್ತೆ ತೆರೆಯುತ್ತಾರೆ. ಬದಲಾವಣೆ ಅಂದರೆ ಬೆಚ್ಚುವ ಮಗುವಿಗೆ ವರ್ಷದಲ್ಲಿ ಎರಡು ಸಲ ಶಾಲೆ ಹೊಸದಾಗುತ್ತದೆ. ಏಪ್ರಿಲ್‌ನಲ್ಲಿ ಕೋಣೆ, ಬೆಂಚು, ಟೀಚರ್ ಎಲ್ಲ ಹೊಸದು. ಅದು ಪಳಗುವ ಹೊತ್ತಿಗೆ ರಜೆ. ಜೂನ್‌ನಲ್ಲಿ ಹೋದರೆ ಸೆಕ್ಷನ್ ಬದಲಾಗಿರುತ್ತದೆ, ಅಥವಾ ಆ ಟೀಚರ್ ಮದುವೆಯಾಗಿ ಸೂರತ್ತಿಗೆ ಹೋಗಿರುತ್ತಾಳೆ.

ಆಗ ನಾನು ಏನು ಮಾಡುತ್ತೇನೆ? ಹೊಸ ಟೀಚರ್ ಯಾರೆಂದು ತಿಳಿಯಲು ನಾಲ್ಕು ಸಲ ಫೋನ್ ಮಾಡುತ್ತೇನೆ. ಒಂಬತ್ತು ವರ್ಷದ ಮಗನ ಬಗ್ಗೆ, ಅವನು ಕಿವಿ ಮುಚ್ಚಿಕೊಳ್ಳುವುದು ಉದ್ಧಟತನ ಅಲ್ಲ, ಗಂಟೆಯ ಸದ್ದಿಗೆ ಅನ್ನುವುದರಿಂದ ಹಿಡಿದು, ಮೊದಲಿನಿಂದ ಒಪ್ಪಿಸುತ್ತೇನೆ. ಹಳೇ ಟೀಚರ್‌ಗೆ ಇದೆಲ್ಲ ಗೊತ್ತಿತ್ತು. ಒಂದು ಹಾಳೆ ಬರೆದು ಪಕ್ಕದ ಕೋಣೆಗೆ ಕೊಡುವ ಪದ್ಧತಿ ಇಲ್ಲ. ವ್ಯಾನ್ ಕಾಕಾಗೆ ಕಿಟಕಿ ಪಕ್ಕದ ಸೀಟಿಗಾಗಿ ಬೇಡುತ್ತೇನೆ. ಯೂನಿಫಾರ್ಮಿನ ಕಾಲರಿನ ಲೇಬಲ್ ಬಿಚ್ಚಿ, ಹೊಸ ಬಟ್ಟೆಯನ್ನು ಹತ್ತು ಸಲ ಒಗೆದು ಮೆತ್ತಗೆ ಮಾಡುತ್ತೇನೆ. ಅಸೆಸ್‌ಮೆಂಟ್ ರಿಪೋರ್ಟ್ ಹಳೆಯದಾಯಿತಂತೆ, ಹೊಸದು ಮಾಡಿಸುತ್ತೇನೆ. ಆಟಿಸಂ ಏನು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸುತ್ತದೆಯೇ!

ಇದೆಲ್ಲಕ್ಕಿಂತ ದೊಡ್ಡದು ಶ್ಯಾಡೋ ಟೀಚರ್. ತರಗತಿಯಲ್ಲಿ ಮಗುವಿನ ಪಕ್ಕ ಕೂರುವ ಸಹಾಯಕಿ. ನಮ್ಮ ಶಾಲೆ ಇದನ್ನು ಎಂದೂ ಬರೆದು ಕೊಟ್ಟಿಲ್ಲ. ಕೋಣೆಗೆ ಕರೆದು, ನೀರು ಕೊಟ್ಟು, ಮೆಲ್ಲಗೆ ಹೇಳುತ್ತಾರೆ: 'ಶ್ಯಾಡೋ ಇಲ್ಲದಿದ್ದರೆ ಅವನಿಗೇ ಕಷ್ಟ, ಮೇಡಂ.' ಹುಡುಕಬೇಕಾದವಳು ನಾನು, ಸಂಬಳ ಕೊಡುವುದು ನಾವು, ಅವಳು ರಜೆ ಹಾಕಿದರೆ ಮಗನಿಗೂ ರಜೆ. ತರಬೇತಿ ಕೊಡುವವಳೂ ನಾನೇ. ಫೀಸು ಮಾತ್ರ ಪೂರ್ತಿ ಕಟ್ಟಬೇಕು.

ಕಾನೂನು ಬೇರೆಯೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದರ 16ನೇ ಕಲಂ ಸರ್ಕಾರದ ಹಣ ಪಡೆಯುವ ಶಾಲೆಗಳಿಗೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಗಳಿಗೂ ಸಂಬಂಧಿಸಿದ್ದು. ಭೇದ ಮಾಡದೆ ಸೇರಿಸಿಕೊಳ್ಳಬೇಕು, ಆ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು, ಕಲಿಕೆಯ ತೊಂದರೆಯನ್ನು ಬೇಗ ಗುರುತಿಸಬೇಕು, ಸಾರಿಗೆಯನ್ನೂ ಒದಗಿಸಬೇಕು. ಇವನ್ನು ತಾಯಿ ತನ್ನ ಖರ್ಚಿನಲ್ಲಿ ತರಬೇಕು ಅಂತ ಎಲ್ಲೂ ಇಲ್ಲ. ಆದರೆ ಕಾಯಿದೆ ಬರೆದವರೂ ಜಾಣರು. ಶಾಲೆಗಳು ಇದನ್ನೆಲ್ಲ ಮಾಡುವಂತೆ ನೋಡಿಕೊಳ್ಳಲು ಸರ್ಕಾರ 'ಪ್ರಯತ್ನಿಸಬೇಕು' ಅಂದಿದ್ದಾರೆ. ಪ್ರಯತ್ನ ನಡೆದಿದೆ, ನಡೆಯುತ್ತಲೇ ಇದೆ.

ವಿಶೇಷ ಶಿಕ್ಷಕರ ವಿಷಯದಲ್ಲಿ ಸುಪ್ರೀಂ ಕೋರ್ಟು 2021ರ ಅಕ್ಟೋಬರ್‌ನಲ್ಲೇ ಆದೇಶ ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಅಳತೆ ನಿಗದಿಯಾಯಿತು. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು ಹುದ್ದೆಗಳನ್ನು ಮಂಜೂರು ಮಾಡಿ ಅಂತ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಖಾಲಿ ಕುರ್ಚಿಗಳ ಕೆಲಸ ಮಾಡಿದವರು ಯಾರು? ಕೆಲಸ ಬಿಟ್ಟು ಮನೆಯಲ್ಲಿ ಕೂತ ಎಂಜಿನಿಯರ್, ಎಂಬಿಎ ಅಮ್ಮಂದಿರು. ನಮ್ಮ ಸೊಸೈಟಿಯಲ್ಲೇ ನನ್ನನ್ನೂ ಸೇರಿಸಿ ಮೂವರಿದ್ದೇವೆ.

ಮೂರನೇ ಮಹಡಿಯ ಬೆನ್‌ಗೆ ಈ ಕಾಯಿದೆಯ ಆಸರೆಯೂ ಇಲ್ಲ. ಅವರ ಮಗಳಿಗೆ ಎಡಿಎಚ್‌ಡಿ. ಕಾಯಿದೆಯ ಪಟ್ಟಿಯಲ್ಲಿರುವ 21 ಸ್ಥಿತಿಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಕಾರ್ಡ್ ಇಲ್ಲದ ಮಗುವಿಗೆ ಶಾಲೆ ಕೊಡುವ ಹೆಸರು 'ಶಿಸ್ತಿಲ್ಲದ ಹುಡುಗಿ'. ತಾಯಿಗೆ ಕೊಡುವ ಹೆಸರು ನಿಮಗೆ ಗೊತ್ತೇ ಇದೆ.

ತಾಯಿಯ ಮೇಲೆ ಹೊರಿಸುವುದು ಈ ಕ್ಷೇತ್ರದಲ್ಲಿ ಹಳೇ ಚಾಳಿ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಮೊದಲ ದೊಡ್ಡ ಲೇಖನ ಬರೆದಾಗಲೇ ತಂದೆತಾಯಿಯರ ತಣ್ಣನೆಯ ಸ್ವಭಾವದ ಮಾತು ಬಂತು. ಅದು ಬೆಳೆದು 'ರೆಫ್ರಿಜರೇಟರ್ ಮದರ್' ಆಯಿತು: ಪ್ರೀತಿ ಕೊಡದ ತಾಯಿಯಿಂದಲೇ ಮಗು ಹೀಗಾಗುತ್ತದೆ ಎಂಬ ವಾದ. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು, ಇದು ಜೈವಿಕ ಸಂಗತಿ ಎಂದು ವಾದಿಸಿದ ಮೇಲೂ, 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದೇ ಹಳೇ ರಾಗ ಹಾಡಿ ಹೆಸರು ಮಾಡಿದ. ಇವತ್ತು ಯಾರೂ ಆ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. 'ಮಮ್ಮಿ ಆಂಗ್ಶಿಯಸ್ ಆಗಿದ್ದರೆ ಮಗುವಿಗೂ ತಗಲುತ್ತದೆ' ಅನ್ನುತ್ತಾರೆ. ತಣ್ಣಗಿದ್ದರೂ ತಪ್ಪು, ಬಿಸಿಯಾಗಿದ್ದರೂ ತಪ್ಪು.

ಊರು ಬಿಟ್ಟು ಬಂದವರಿಗೆ ಇನ್ನೊಂದು ಹೊರೆ ಇದೆ. ಇಸ್ರೋ, ಪಿಆರ್‌ಎಲ್, ಬ್ಯಾಂಕು, ಐಐಎಂ ಅಂತ ಬಂದ ನಮ್ಮ ಕನ್ನಡದ ಮನೆಗಳಿಗೆ ಮೊದಲ ಸಲಹೆ ಬರುವುದೇ ಹೀಗೆ: 'ಮನೆಯಲ್ಲಿ ಕನ್ನಡ ನಿಲ್ಲಿಸಿ, ಮಗು ಗೊಂದಲವಾಗುತ್ತದೆ.' ಶಾಲೆಯಲ್ಲಿ ಇಂಗ್ಲಿಷ್, ಹಿಂದಿ; 2023ರ ಕಾಯಿದೆಯಂತೆ 1ರಿಂದ 8ನೇ ತರಗತಿವರೆಗೆ ಗುಜರಾತಿ. ಅದಕ್ಕೆ ನನ್ನ ವಿರೋಧವಿಲ್ಲ, ಇರುವ ನೆಲದ ಭಾಷೆ ಕಲಿಯಲಿ. ನನ್ನ ಮಗ ವಾಚ್‌ಮನ್ ಕಾಕಾನಿಂದ 'ಆವಜೋ' ಕಲಿತಿದ್ದಾನೆ, ಬಂದವರಿಗೂ ಹೋಗುವವರಿಗೂ ಅದನ್ನೇ ಹೇಳುತ್ತಾನೆ. ಆದರೆ ಜಾಗ ಕಡಿಮೆ ಬಿದ್ದಾಗ ಹೊರಗೆ ಹಾಕುವ ಸಾಮಾನು ಮಾತ್ರ ಅಮ್ಮನ ಮಾತು. ಎರಡು ಭಾಷೆಯ ಮನೆಯಲ್ಲಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಈವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಶಿವಮೊಗ್ಗದ ಅಜ್ಜಿ ಫೋನಿನಲ್ಲಿ 'ಊಟ ಆಯ್ತಾ ಪುಟ್ಟಾ' ಅಂದರೆ ಇವನು 'ಆಯ್ತು' ಅನ್ನುತ್ತಾನೆ. ಆ ಒಂದು ಉತ್ತರಕ್ಕೆ ನಾಲ್ಕು ವರ್ಷ ಹಿಡಿದಿದೆ. ಅದನ್ನು ಬಿಡಿ ಅಂತ ಅರ್ಧ ಗಂಟೆಯ ಸೆಷನ್ನಿನಲ್ಲಿ ಹೇಳಿ ಬಿಲ್ ಕೊಟ್ಟರು.

ಈಗ ಗಂಡಸರ ವಿಷಯ. ಓದುತ್ತಿರುವವರಲ್ಲಿ ಅಪ್ಪಂದಿರು ಬಹಳ ಜನ ಇದ್ದೀರಿ. ಶಾಲೆಯ ಫಾರ್ಮಿನಲ್ಲಿ ಮೊದಲ ನಂಬರ್ ಅಪ್ಪನದ್ದೇ ಬರೆದಿದ್ದೇವೆ, ಆದರೂ ಫೋನ್ ನನಗೇ ಬರುತ್ತದೆ. ಒಮ್ಮೆ ಇವರೇ ಹೋದಾಗ 'ಮಮ್ಮಿಯನ್ನು ಕಳಿಸಿ' ಅಂದರು. ಸರ್ಕಾರವೂ ಹಾಗೇ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ತಾಯಿಗೆ 730 ದಿನಗಳ ಮಕ್ಕಳ ಆರೈಕೆ ರಜೆ ಇದೆ; ಅಂಗವಿಕಲ ಮಗುವಾದರೆ ವಯಸ್ಸಿನ ಮಿತಿಯೂ ಇಲ್ಲ. 2024ರಲ್ಲಿ ಹಿಮಾಚಲದ ಒಬ್ಬ ಪ್ರಾಧ್ಯಾಪಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ರಜೆಯ ಪರವಾಗಿ ಗಟ್ಟಿಯಾಗಿ ಮಾತಾಡಿತು. ಒಳ್ಳೆಯದೇ. ಆದರೆ ಗಂಡಸರಲ್ಲಿ ಅದು ಸಿಗುವುದು ಒಂಟಿ ತಂದೆಗೆ ಮಾತ್ರ. ಹೆಂಡತಿ ಇದ್ದರೆ ಇಲ್ಲ. ಅಂದರೆ ಹೆಂಡತಿ ಇರುವುದೇ ಇದಕ್ಕೆ ಅಂತ ನಿಯಮವೇ ಬರೆದಿಟ್ಟಿದೆ. ಖಾಸಗಿ ಕಂಪನಿಯಲ್ಲಿರುವವರಿಗೆ ಇಂಥ ರಜೆಯ ಕಾನೂನೇ ಇಲ್ಲ. ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ 75,000 ರೂಪಾಯಿ, ತೀವ್ರವಾಗಿದ್ದರೆ 1,25,000 ರೂಪಾಯಿಯ ವಿನಾಯಿತಿ ಇದೆ. ನಮ್ಮ ಮನೆಯಲ್ಲಿ ಅದನ್ನು ಪಡೆಯುವವರು ಸಂಬಳ ಇರುವ ಇವರು. ಸಂಬಳವನ್ನೇ ಬಿಟ್ಟವಳಿಗೆ ಯಾವ ಕಲಂ?

ಟೀಚರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ನಲವತ್ತು ಮಕ್ಕಳ ನಡುವೆ ಒಬ್ಬಳೇ ನಿಂತವಳಿಗೂ ಯಾರೂ ಏನನ್ನೂ ಹೇಳಿಕೊಟ್ಟಿಲ್ಲ. ಅವಳ ಮನೆಯಲ್ಲೂ ಹೋಂವರ್ಕ್ ಮಾಡಿಸುವವಳು ಅವಳೇ. ನನ್ನ ಸಿಟ್ಟು ಬ್ರೋಶರಿನಲ್ಲಿ 'ಇನ್‌ಕ್ಲೂಸಿವ್' ಅಂತ ಬಣ್ಣದಲ್ಲಿ ಅಚ್ಚು ಹಾಕಿಸಿ, ಸಿಂಥೆಟಿಕ್ ಟರ್ಫ್‌ಗೆ ದುಡ್ಡು ಹೊಂದಿಸಿ, ಒಬ್ಬ ವಿಶೇಷ ಶಿಕ್ಷಕಿಗೆ ಬಜೆಟ್ ಇಲ್ಲ ಅನ್ನುವವರ ಮೇಲೆ. ಹಳೇ ಟೀಚರಿನಿಂದ ಹೊಸಬರಿಗೆ ಒಂದು ಹಾಳೆ, ಶಾಲೆ ತೆರೆಯುವ ಎರಡು ದಿನ ಮುಂಚೆ ಖಾಲಿ ಕೋಣೆ ನೋಡಲು ಮಗುವಿಗೆ ಅರ್ಧ ಗಂಟೆ, ಸೆಕ್ಷನ್ ಬದಲಿಸುವುದಿದ್ದರೆ ಮೇನಲ್ಲೇ ಒಂದು ಮೆಸೇಜ್. ಇದಕ್ಕೆ ಯಾವ ಬಜೆಟ್ ಬೇಕು?

ಈ ವರ್ಷ ಉಸಿರಾಟದ ವರ್ಕ್‌ಶಾಪಿಗೆ ನಾನು ಹೋಗಲಿಲ್ಲ. ಆ ಹೊತ್ತಿನಲ್ಲಿ ಮೂರನೇ ಮಹಡಿಯ ಬೆನ್ ಜೊತೆ ಕೂತು ಶಾಲೆಗೆ ಪತ್ರ ಬರೆದೆವು, ಅವರು ಗುಜರಾತಿಯಲ್ಲಿ, ನಾನು ಇಂಗ್ಲಿಷಿನಲ್ಲಿ. ಎರಡೇ ಪ್ರಶ್ನೆ. ಶಾಲೆಯಲ್ಲಿ ವಿಶೇಷ ಶಿಕ್ಷಕರು ಎಷ್ಟು ಜನ? ಶ್ಯಾಡೋ ಟೀಚರ್ ಬೇಕೆಂಬುದನ್ನೂ, ಅದರ ಖರ್ಚು ಯಾರದೆಂಬುದನ್ನೂ ಬರೆದು ಕೊಡುತ್ತೀರಾ? ಸೀಲ್ ಹಾಕಿಸಿಕೊಂಡು ಪ್ರತಿ ತಂದಿದ್ದೇವೆ. ಹನ್ನೊಂದು ದಿನ ಆಯಿತು, ಉತ್ತರ ಬಂದಿಲ್ಲ. ಸೋಮವಾರ ಶಾಲೆ ತೆರೆಯುತ್ತದೆ.