ಜೋಳವಾಳಿಯೂ ಮಾಫಿಸಾಕ್ಷಿಯೂ

ರಾಜಕಾರಣಿಯೊಬ್ಬರ ಮೇಲೆ ಆರೋಪ ಬಂದಾಗ ಅವರ ಭಾವಚಿತ್ರ ಪತ್ರಿಕೆಯ ಮೊದಲ ಪುಟದಲ್ಲಿ ಅಚ್ಚಾಗುತ್ತದೆ. ಒಳಪುಟದ ಮೂಲೆಯಲ್ಲಿ, ನಾಲ್ಕೇ ಸಾಲಿನಲ್ಲಿ, 'ಆಪ್ತ ಸಹಾಯಕನ ವಿಚಾರಣೆ' ಎಂಬ ಇನ್ನೊಂದು ಸುದ್ದಿ ಇರುತ್ತದೆ. ಈ ನಾಲ್ಕು ಸಾಲಿನ ಮನುಷ್ಯನನ್ನು ಕುರಿತು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಕಡತ ಹೊತ್ತವನು, ದೂರವಾಣಿಗೆ ಉತ್ತರ ಕೊಟ್ಟವನು, ಬಂದವರನ್ನು ಹೊರಕೋಣೆಯಲ್ಲಿ ಕೂರಿಸಿದವನು ಅವನು. ಯಾರು ಒಳಗೆ ಹೋದರು, ಹೋಗುವಾಗ ಕೈಯಲ್ಲಿ ಏನಿತ್ತು, ಬರುವಾಗ ಏನಿರಲಿಲ್ಲ ಎಂಬುದನ್ನು ಕಂಡವನೂ ಅವನೇ. ಒಡೆಯನು ಮಾಡಿದ್ದು ತಪ್ಪೋ ಸರಿಯೋ ಎಂದು ನಿರ್ಣಯಿಸಲು ನ್ಯಾಯಾಲಯವಿದೆ. ಅವನು ತನ್ನ ನಾಲಗೆಯನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನು ಅವನಿಗೆ ಹೇಳುವವರು ಯಾರು?

ಕಳೆದ ಮಳೆಗಾಲದ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದಾಂಡೇಲಿಯ ನಮ್ಮ ಮನೆಗೆ ಬಂದನು. ಮುಂಡಗೋಡ ಕಡೆಯ ಹುಡುಗ. ಓದು ಮುಗಿದ ಮೇಲೆ ಒಬ್ಬ ಜನಪ್ರತಿನಿಧಿಯ ಆಪ್ತ ಸಹಾಯಕನಾಗಿ ಸೇರಿದ್ದನು. ಅವರ ಹೆಸರು ಬೇಡ. ನಮ್ಮ ಜಿಲ್ಲೆಯವರಲ್ಲವೆಂದಷ್ಟೇ ಹೇಳುತ್ತೇನೆ. ಚಹ ಆರಿಹೋಗುವವರೆಗೂ ಹುಡುಗ ಮಾತನಾಡಲಿಲ್ಲ. ಆಮೇಲೆ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟನು. ವಿಚಾರಣೆಗೆ ಹಾಜರಾಗಬೇಕೆಂಬ ನೋಟೀಸು.

"ಸರ್, ಉಂಡ ಮನಿ ಜಂತಿ ಎಣಿಸಬಾರದು ಅಂತಾರ. ನೀವೂ ಕರ್ಣನ ಪಾಠದಾಗ ಅದನ್ನ ಹೇಳಿದ್ರಿ. ಈಗ ಅವರು ಕೇಳಿದ್ದಕ್ಕೆಲ್ಲ ನಾ ಏನಂತ ಹೇಳ್ಲಿ?"

ನಾನು ಹೇಳಿದ್ದು ನಿಜ. ಇಪ್ಪತ್ತು ವರ್ಷಗಳಿಂದ ಹೇಳುತ್ತಲೇ ಇದ್ದೇನೆ. ಕ್ರಿ.ಶ. 941ರ ಪಂಪಭಾರತದಲ್ಲಿ ಕೃಷ್ಣನು ಕರ್ಣನಿಗೆ ಹುಟ್ಟಿನ ಗುಟ್ಟನ್ನು ತಿಳಿಸಿ, ರಾಜ್ಯವನ್ನೇ ಮುಂದಿಟ್ಟು ಕರೆದಾಗ, ಆತನು ದುರ್ಯೋಧನನ ಋಣವನ್ನು ನೆನೆದು ಒಲ್ಲೆನೆನ್ನುವ ಸಂದರ್ಭವನ್ನು ಪಾಠ ಹೇಳುವಾಗ ತರಗತಿಯ ಹಿಂದಿನ ಬೆಂಚುಗಳೂ ಸುಮ್ಮನಾಗುತ್ತವೆ. ಆ ಮೌನ ಅಧ್ಯಾಪಕನಿಗೆ ಸಿಕ್ಕುವ ದೊಡ್ಡ ಸಂಬಳ. ಅದಕ್ಕೆ ಆಸೆಪಟ್ಟು ದನಿಯನ್ನು ಸ್ವಲ್ಪ ಏರಿಸಿದ್ದೂ ಉಂಟು. ಜೋಳವಾಳಿ ಎಂಬ ಮಾತನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದು, ಅನ್ನವಿಕ್ಕಿದವನಿಗೆ ತೀರಿಸಬೇಕಾದ ಋಣ ಎಂದು ಅರ್ಥ ಹೇಳಿ, ಅದರ ಪಕ್ಕದಲ್ಲಿ ವೇಳೆವಾಳಿಯನ್ನೂ ಬರೆಯುವುದು ನನ್ನ ರೂಢಿ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಬಳಿ ಇರುವ ಸ್ತಂಭಶಾಸನದ ಕಥೆಯನ್ನು ಅಲ್ಲಿ ತಪ್ಪದೆ ತರುತ್ತೇನೆ: ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮನು ಮಡದಿ ಸುಗ್ಗಲದೇವಿಯೊಡನೆ, ತನ್ನ ಲೆಂಕರೊಡನೆ, ಪ್ರಾಣವನ್ನೇ ಒಪ್ಪಿಸಿದ ಕಥೆ. ಕೇಳಿದ ಮಕ್ಕಳ ಕಣ್ಣು ಅರಳುತ್ತವೆ.

ಆದರೆ ಈ ಋಣಕ್ಕೆ ಎರಡು ತುದಿಗಳಿದ್ದವೆಂಬುದನ್ನು ನಾನು ಅಷ್ಟು ಒತ್ತಿ ಹೇಳಿರಲಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತ ಕರ್ಣನ ಮುಂದೆ ನಿಂತು ಅಳುತ್ತಾನಷ್ಟೆ. ಕರ್ಣನು ಯಾರ ಮಗನೆಂಬುದು ಆ ಒಡೆಯನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನನ್ನು ಬಿಟ್ಟಿರಲಿಲ್ಲ. ಸೇವಕನು ಪ್ರಾಣ ಕೊಟ್ಟರೆ ಒಡೆಯನು ಕಣ್ಣೀರನ್ನಾದರೂ ಕೊಡುತ್ತಿದ್ದ ಲೋಕ ಅದು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ದುರ್ಯೋಧನನು ಇಕ್ಕಿದ ಅನ್ನ ದುರ್ಯೋಧನನದೇ. ರಾಜ್ಯಕ್ಕೂ ರಾಜನಿಗೂ ನಡುವೆ ಆಗ ಗೆರೆ ಎಳೆದಿರಲಿಲ್ಲ. ನನ್ನ ವಿದ್ಯಾರ್ಥಿಯ ಸಂಬಳ ಬರುತ್ತಿದ್ದುದು ಸರ್ಕಾರದ ಖಜಾನೆಯಿಂದ. ಹಳಿಯಾಳದ ಸಂತೆಯಲ್ಲಿ ಬೆಂಕಿಪೆಟ್ಟಿಗೆ ಕೊಂಡ ಮುದುಕಿಯ ತೆರಿಗೆಯ ಒಂದು ಕಾಸೂ ಅದರಲ್ಲಿತ್ತು. ಹಾಗಾದರೆ ಅವನು ಉಂಡ ಜೋಳ ಯಾರದು? ನಮ್ಮ ನಾಡಿನಲ್ಲಿ ಈ ಗೆರೆಯನ್ನು ಬಲು ಹಿಂದೆಯೇ ಕಂಡವರೊಬ್ಬರಿದ್ದರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದರೆಂದೂ, ಭಂಡಾರವನ್ನು ತೆರೆದು ಎಣಿಸಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ವೀರಶೈವ ಪುರಾಣಗಳು ಹೇಳುತ್ತವೆ. ಪವಾಡವನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟದ್ದು. ಭಂಡಾರಿಯು ಬೀಗದ ಕೈಯನ್ನು ಬಚ್ಚಿಡಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು.

ಹಗರಣವು ನಿಷ್ಠೆಯನ್ನು ಕೊಲ್ಲುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಮ್ಮ ರಾಜ್ಯದ ಈಚಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ದೇವರಾಜ ಅರಸರನ್ನು ನೋಡಿರಿ. 1977ರ ಮೇ ತಿಂಗಳಿನಲ್ಲಿ ಅವರ ಸರ್ಕಾರದ ಮೇಲೆ ಬಂದಿದ್ದ ಆರೋಪಗಳ ವಿಚಾರಣೆಗೆ ರಾಜ್ಯವೇ 18ರಂದು ನ್ಯಾಯಮೂರ್ತಿ ಮೀರ್ ಇಕ್ಬಾಲ್ ಹುಸೇನ್ ಆಯೋಗವನ್ನು ನೇಮಿಸಿತು. ಐದು ದಿನ ಕಳೆಯುವಷ್ಟರಲ್ಲಿ ಕೇಂದ್ರವು ನ್ಯಾಯಮೂರ್ತಿ ಗ್ರೋವರ್ ಅವರ ಆಯೋಗವನ್ನು ನೇಮಿಸಿತು. ಒಬ್ಬ ಮುಖ್ಯಮಂತ್ರಿಯ ಮೇಲೆ ಎರಡು ಆಯೋಗಗಳು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, ನವೆಂಬರಿನಲ್ಲಿ ಕೇಂದ್ರದ ಆಯೋಗವನ್ನು ನ್ಯಾಯಾಲಯ ಎತ್ತಿಹಿಡಿಯಿತು, ವರ್ಷದ ಕೊನೆಯ ದಿನ ಸರ್ಕಾರವೇ ವಜಾ ಆಯಿತು. ಹಗರಣದಿಂದ ನಿಷ್ಠೆ ಸಾಯುವುದಾಗಿದ್ದರೆ ಸಾಯಬೇಕಾಗಿದ್ದುದು ಆಗಲೇ. ಆಗಲಿಲ್ಲ. 1978ರ ಫೆಬ್ರುವರಿಯ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ 149ನ್ನು ಗೆದ್ದು ಅರಸರು ಮತ್ತೆ ಮುಖ್ಯಮಂತ್ರಿಯಾದರು. 1979ರಲ್ಲಿ ಇಂದಿರಾ ಗಾಂಧಿಯವರು ಪಕ್ಷದಿಂದ ಹೊರಹಾಕಿದಾಗಲೂ ಶಾಸಕರಲ್ಲಿ ಬಹುಮಂದಿ ಅವರ ಬೆನ್ನಿಗೇ ನಿಂತರು.

1980ರ ಜನವರಿಯಲ್ಲಿ ಲೋಕಸಭೆಯ ಫಲಿತಾಂಶ ಬಂದಿತು. ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಅವರ ಪಾಲಾದವು. ಅರಸರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ಆಗ ನೋಡಬೇಕಾಗಿತ್ತು ನಿಷ್ಠೆಯ ವೇಗವನ್ನು! ಪಕ್ಷಾಂತರ ತಡೆಯುವ ಕಾನೂನು ಬರಲು ಇನ್ನೂ ಐದು ವರ್ಷಗಳಿದ್ದವು. ಕೆಲವೇ ದಿನಗಳಲ್ಲಿ ಶಾಸಕರು ಸಾಲುಗಟ್ಟಿ ಆಚೆ ದಾಟಿದರು. ಹಿಂದೆ ಅರಸರ ಸಂಪುಟದಲ್ಲಿಯೇ ಸಚಿವರಾಗಿದ್ದ ಗುಂಡೂರಾಯರು ಜನವರಿ 12ರಂದು ಮುಖ್ಯಮಂತ್ರಿಯಾದರು. ಎರಡೂವರೆ ವರ್ಷಗಳೊಳಗೆ, 1982ರ ಜೂನಿನಲ್ಲಿ, ಅರಸರು ತೀರಿಕೊಂಡರು. ಗೇಣಿದಾರನಿಗೆ ಭೂಮಿ ಕೊಡಿಸಿದ ಆ ಮನುಷ್ಯನ ಮೇಲಿನ ಆರೋಪಗಳ ಸತ್ಯಾಸತ್ಯ ನನ್ನ ಇಂದಿನ ವಿಷಯವಲ್ಲ. ಎರಡು ಆಯೋಗಗಳು ಮಾಡಲಾರದ ಕೆಲಸವನ್ನು ಒಂದು ಸೋಲು ಮಾಡಿತೆಂಬುದೇ ವಿಷಯ. ಜೊತೆಗಿದ್ದವರು ಅಂಟಿಕೊಂಡದ್ದು ಅಧಿಕಾರಕ್ಕೆ. ಅದು ಇರುವಷ್ಟು ಹೊತ್ತು ಕಳಂಕ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಹೋದ ಮರುದಿನ ಎಲ್ಲರಿಗೂ ಆತ್ಮಸಾಕ್ಷಿ ಎಚ್ಚರವಾಗುತ್ತದೆ.

ನಮ್ಮ ಜಿಲ್ಲೆಯವರೇ ಆದ, ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರೂ ಇದನ್ನು ಕಂಡವರು. 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಸರ್ಕಾರವನ್ನು ಟೀಕಿಸಿದಾಗ ರಾಜೀನಾಮೆ ಕೊಟ್ಟರು, ಮೂರು ದಿನಗಳಲ್ಲಿ ಹಿಂತೆಗೆದುಕೊಂಡರು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣಕ್ಕಾಗಿ ಮತ್ತೆ ಕೊಟ್ಟರು. ಆ ಸಲ ಹಿಂತೆಗೆದುಕೊಳ್ಳುವ ಸಂದರ್ಭ ಬರಲಿಲ್ಲ.

ಇವರೆಲ್ಲ ಶಾಸಕರು, ಸಚಿವರು. ದಾಟಿಹೋಗಲು ಅವರಿಗೆ ಇನ್ನೊಂದು ದಡವಿತ್ತು. ಆಪ್ತ ಸಹಾಯಕನಿಗೆ ಅದಿಲ್ಲ. ಅಮೆರಿಕದ ವಾಟರ್‌ಗೇಟ್ ಹಗರಣದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ. ಅಧ್ಯಕ್ಷ ನಿಕ್ಸನ್ನರ ಬಲಗೈ ಎಡಗೈಗಳಂತಿದ್ದ ಹಾಲ್ಡೆಮನ್, ಎರ್ಲಿಕ್‌ಮನ್ ಇಬ್ಬರೂ 1973ರ ಏಪ್ರಿಲ್ 30ರಂದು ರಾಜೀನಾಮೆ ಕೊಡಬೇಕಾಯಿತು. ಅವರನ್ನು ಕಳುಹಿಸಿದ ರಾತ್ರಿಯೇ ಅಧ್ಯಕ್ಷರು ದೂರದರ್ಶನದಲ್ಲಿ ಅವರನ್ನು ಬಾಯ್ತುಂಬ ಹೊಗಳಿದರು. ಮುಂದೆ 1974ರ ಸೆಪ್ಟೆಂಬರಿನಲ್ಲಿ ನಿಕ್ಸನ್ನರಿಗೆ ಉತ್ತರಾಧಿಕಾರಿ ಫೋರ್ಡರಿಂದ ಕ್ಷಮಾದಾನ ಸಿಕ್ಕಿತು. ಸಹಾಯಕರಿಬ್ಬರೂ ತಲಾ ಹದಿನೆಂಟು ತಿಂಗಳು ಸೆರೆಮನೆಯಲ್ಲಿದ್ದರು. ಬಾಯಿ ಬಿಡದೆ ಕುಳಿತ ಲಿಡ್ಡಿ ಎಂಬಾತ ನಾಲ್ಕು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದನು. ಕಂಡದ್ದನ್ನೆಲ್ಲ ಸೆನೆಟ್ ಸಮಿತಿಯ ಮುಂದೆ ಹೇಳಿದ ಡೀನ್ ನಾಲ್ಕು ತಿಂಗಳಲ್ಲಿ ಹೊರಬಂದನು. ಲಿಡ್ಡಿಯನ್ನು ವೀರನೆಂದವರೂ ಇದ್ದಾರೆ. ಕಳ್ಳತನಕ್ಕೆ ಯೋಜನೆ ಹಾಕಿದವನ ಮೌನವನ್ನು ಕುವರಲಕ್ಷ್ಮನ ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸು ಬಾರದು.

ಇದಕ್ಕೆ ತೀರ ತಿರುಗುಮುರುಗಾದ ಕಥೆ ನಮ್ಮ ದೇಶದಲ್ಲಿಯೇ ಇದೆ. ಪ್ರಧಾನಿ ನೆಹರೂ ಅವರ ವಿಶೇಷ ಸಹಾಯಕ ಎಂ.ಒ. ಮಥಾಯ್, ಅಧಿಕಾರ ದುರುಪಯೋಗದ ಆರೋಪ ಬಂದು 1959ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಒಡೆಯರು ತೀರಿಕೊಂಡು ಹದಿನಾಲ್ಕು ವರ್ಷಗಳಾದ ಮೇಲೆ, 1978ರಲ್ಲಿ, ಆ ಮನೆಯ ಒಳಕೋಣೆಯ ಮಾತುಗಳನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದರು. ಯಾವ ನ್ಯಾಯಾಲಯವೂ ಕೇಳದಿದ್ದುದನ್ನು ಸಂತೆಗೆ ಹೇಳುವುದೇ ಜಂತೆ ಎಣಿಸುವುದು. ಗಾದೆ ನಿಷೇಧಿಸಿದ್ದು ಇದನ್ನು ಎಂದು ನನ್ನ ತಿಳುವಳಿಕೆ, ಸಾಕ್ಷಿ ಹೇಳುವುದನ್ನಲ್ಲ.

ಕಾನೂನು ಇಲ್ಲಿ ಕವಿಗಳಿಗಿಂತ ನಿಷ್ಠುರವಾದರೂ ಸ್ಪಷ್ಟವಾಗಿದೆ. ಆರೋಪಿಯು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯಬೇಕಾಗಿಲ್ಲವೆಂದು ಸಂವಿಧಾನ ಅಭಯ ಕೊಟ್ಟಿದೆ. ಗಂಡಹೆಂಡಿರ ನಡುವಣ ಮಾತಿಗೂ, ವಕೀಲನಿಗೆ ಕಕ್ಷಿದಾರನು ಹೇಳಿದ ಗುಟ್ಟಿಗೂ ರಕ್ಷಣೆಯಿದೆ. ಸಾರ್ವಜನಿಕ ಹಿತದ ದೃಷ್ಟಿಯಿಂದ ಸರ್ಕಾರದ ಕೆಲವು ರಹಸ್ಯಗಳಿಗೂ ಇದೆ. ಒಡೆಯನಿಗಾಗಿ ಮೌನವಾಗಿರುವ ಹಕ್ಕು ಮಾತ್ರ ಎಲ್ಲಿಯೂ ಇಲ್ಲ. ಸಹಾಯಕನೂ ಪಾಪದಲ್ಲಿ ಪಾಲುದಾರನಾಗಿದ್ದರೆ, ತಿಳಿದದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುವ ಕರಾರಿನ ಮೇಲೆ ನ್ಯಾಯಾಲಯ ಕ್ಷಮೆ ನೀಡಬಹುದು; ಏನಾದರೂ ಬಚ್ಚಿಟ್ಟನೆಂದರೆ ಕ್ಷಮೆ ಬಿದ್ದುಹೋಗಿ ಮತ್ತೆ ಕಟಕಟೆ ಹತ್ತಬೇಕು. ಅವನನ್ನು ನಮ್ಮ ಜನ ಮಾಫಿಸಾಕ್ಷಿ ಎನ್ನುತ್ತಾರೆ. ಆ ಶಬ್ದವನ್ನು ಉಚ್ಚರಿಸುವಾಗ ತುಟಿಯಲ್ಲಿ ಒಂದು ತಾತ್ಸಾರವೂ ಸೇರಿರುತ್ತದೆ. ಲಂಚ ತಿಂದವನ ಮನೆಯ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಉಣ್ಣುವ ನಾವು ಮಾಫಿಸಾಕ್ಷಿಯ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಹೋಗುವುದು ವಿಚಿತ್ರವಲ್ಲವೆ?

ನಿಷ್ಠೆಗೆ ಬೇರೆ ದಾರಿ ಇದೆಯೆಂಬುದಕ್ಕೆ ನಿದರ್ಶನವನ್ನು ಹುಡುಕಲು ನಾವು ಬಹುದೂರ ಹೋಗಬೇಕಾಗಿಲ್ಲ. ಘಟ್ಟ ಇಳಿದರೆ ಸಾಕು. ಅದಿರಿನ ಲಾರಿಗಳು ಯಲ್ಲಾಪುರದ ಹೆದ್ದಾರಿಯನ್ನು ಕೆಂಪು ಮಾಡಿ ಅಂಕೋಲೆಯ ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದ ಕಾಲವನ್ನು ನಮ್ಮವರು ಮರೆತಿರಲಾರರು. 2010ರಲ್ಲಿ ಅರಣ್ಯ ಇಲಾಖೆ ಅಲ್ಲಿ ಸುಮಾರು 5 ಲಕ್ಷ ಟನ್ ಅದಿರನ್ನು ಜಪ್ತು ಮಾಡಿತು. ಆ ರಾಶಿಯಿಂದ ಅದಿರು ಕಳವಾಗಿ ಹಡಗು ಹತ್ತಿತು. ಜಪ್ತಿಯಲ್ಲಿ ಮುಂದಾಗಿದ್ದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತ ಸಂತೋಷ ಹೆಗ್ಡೆಯವರು ಜೂನಿನಲ್ಲಿ ರಾಜೀನಾಮೆ ಕೊಟ್ಟರು; ಮುಂದಿನ ತಿಂಗಳು ಹಿಂತೆಗೆದುಕೊಂಡರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಕಾರವಾರದ ಶಾಸಕ ಸತೀಶ ಸೈಲ್ ಅವರನ್ನೂ ಬಂದರಿನ ಅಂದಿನ ಅಧಿಕಾರಿ ಮಹೇಶ ಬಿಳಿಯೆ ಅವರನ್ನೂ ಇತರರನ್ನೂ ತಪ್ಪಿತಸ್ಥರೆಂದಿತು. ನವೆಂಬರಿನಲ್ಲಿ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ಪ್ರಕರಣದ ಕೊನೆ ಏನಾದರೂ ಆಗಲಿ, 2010ರ ಆ ಅರಣ್ಯಾಧಿಕಾರಿ ತನ್ನ ಜೋಳವಾಳಿ ಯಾರಿಗೆ ಸಲ್ಲಬೇಕೆಂಬುದನ್ನು ಬಲ್ಲವರಾಗಿದ್ದರು. ನನ್ನ ಕರಿಹಲಗೆಯಲ್ಲಿ ಹಳೇಬೀಡಿನ ಪಕ್ಕದಲ್ಲಿ ಬೇಲೆಕೇರಿಗೂ ಇಷ್ಟು ಜಾಗ ಇರಬೇಕಾಗಿತ್ತು.

ಇಷ್ಟೆಲ್ಲವನ್ನೂ ಆ ಭಾನುವಾರ ನಾನು ಹುಡುಗನಿಗೆ ಹೇಳಲಿಲ್ಲ. ನೋಟೀಸು ಹಿಡಿದು ಬಂದವನ ಮುಂದೆ ಇತಿಹಾಸ ಬಿಚ್ಚುವುದು ಕ್ರೌರ್ಯ. "ಕಂಡದ್ದನ್ನು ಹೇಳಪ್ಪ. ಕಾಣದ್ದನ್ನು ಸೇರಿಸಬೇಡ, ಅವರಿಗೆ ಬೇಕೆಂದೂ ಬೇಡ, ಇವರಿಗೆ ಬೇಕೆಂದೂ ಬೇಡ. ಹೇಳಿ ಬಂದ ಮೇಲೆ ನಿಮ್ಮ ಸಾಹೇಬರ ಮನೆಗೆ ಹೋಗುವುದನ್ನು ಬಿಡಬೇಡ. ಅವರ ಮನೆಗೆ ಯಾರೂ ಹೋಗದ ದಿನ ಬಂದರೆ, ಆವತ್ತು ತಪ್ಪದೆ ಹೋಗು" ಎಂದೆ.

ಅವನು ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡನು. "ನಾ ಹೋಗ್ತೀನ್ರಿ ಸರ್. ಅವರು ಬಾಗಲಾ ತಗೀತಾರೇನ್ರಿ?" ಎಂದು ಕೇಳಿದನು. ನಾನು ಸುಮ್ಮನಿದ್ದೆ. ಹೊರಗೆ ಮಳೆ ಜೋರಾಗಿತ್ತು. ಕೊಡೆ ಬಿಚ್ಚಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದನು.